ಜಿಂಕೆಯ ಮೂಗು, ನಮ್ಮ ಮೈವಾಸನೆ, ನಡುವೆ ಗಾಳಿ

ಜಿಂಕೆ ಬೇಟೆಗೆ ಹೊರಟವರು ನನ್ನನ್ನು ಮೊದಲು ಕೇಳುವುದು ಸೋಪಿನ ಬಗ್ಗೆ. ಯಾವ ಸ್ಪ್ರೇ ಒಳ್ಳೆಯದು, ಯಾವ ಜಾಕೆಟ್ ವಾಸನೆ ತಡೆಯುತ್ತದೆ ಅಂತ. ಆ ಪ್ರಶ್ನೆಗಳನ್ನು ಬೇಕಂತಲೇ ಹಿಂದಕ್ಕೆ ಹಾಕಿದ್ದೇನೆ, ಆಮೇಲೆ ಬರುತ್ತೇನೆ. ಈ ವಿಷಯದಲ್ಲಿ ಸೋಪಿನ ಪಾಲು ಸಣ್ಣದು. ದೊಡ್ಡ ಪಾಲು ಗಾಳಿಯದು. ಗಾಳಿ ಈಗ ಎತ್ತ ಹೋಗುತ್ತಿದೆ, ಇನ್ನೊಂದು ಗಂಟೆ ಬಿಟ್ಟು ಎತ್ತ ತಿರುಗುತ್ತದೆ, ನಿಮ್ಮ ವಾಸನೆಯನ್ನು ಹೊತ್ತುಕೊಂಡು ಹೋಗಿ ಎಲ್ಲಿ ಇಳಿಸುತ್ತದೆ. ಇಷ್ಟು ತಿಳಿದು ಕೂತವರಿಗೆ ಜಿಂಕೆ ಹತ್ತಿರ ಬರುತ್ತದೆ. ಇದನ್ನು ಬಿಟ್ಟು ಎಷ್ಟು ಬಾಟಲಿ ಸುರಿದುಕೊಂಡರೂ ಪ್ರಯೋಜನ ಕಡಿಮೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಮಾತಾಡುತ್ತಿರುವುದು ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಯ ಬಗ್ಗೆ. ಅಲ್ಲಿ ಲೈಸೆನ್ಸ್ ಇದೆ, ಸೀಸನ್ ಇದೆ, ಎಷ್ಟು ಹೊಡೆಯಬಹುದು ಅನ್ನುವ ಲೆಕ್ಕ ಇದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಅಲ್ಲಿರುವವರು ಈ ಮಾತನ್ನು ಕ್ಯಾಮೆರಾ ಹಿಡಿದವರಾಗಿ ಕೇಳಿಸಿಕೊಳ್ಳಿ. ಫೋಟೋ ತೆಗೆಯುವವರ ವಾಸನೆಯೂ ಕೋವಿ ಹಿಡಿದವರ ವಾಸನೆಯೂ ಜಿಂಕೆಗೆ ಒಂದೇ.

ಮೊದಲು ಆ ಮೂಗನ್ನು ನೋಡೋಣ. ಜಿಂಕೆಯ ಮುಖ ಉದ್ದ. ಆ ಉದ್ದದ ಒಳಗೆ ತೆಳ್ಳನೆಯ ಎಲುಬಿನ ಸುರುಳಿಗಳಿವೆ, ಅವುಗಳ ಮೇಲೆ ತೇವದ ಪೊರೆ ಹಾಸಿಕೊಂಡಿದೆ. ಒಳಗೆ ಬಂದ ಗಾಳಿ ಆ ಸುರುಳಿಗಳ ಮೇಲೆಲ್ಲ ಹಾದುಹೋಗಬೇಕು. ವಾಸನೆ ಹಿಡಿಯುವ ಜಾಗ ನಮ್ಮ ಮೂಗಿನಲ್ಲಿ ಒಂದು ಅಂಚೆಚೀಟಿಯಷ್ಟು ಇದ್ದರೆ, ಅದರ ಮೂಗಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಮೂಗಿನ ತುದಿ ಯಾವಾಗಲೂ ಒದ್ದೆ. ವಾಸನೆಯ ಕಣ ಒದ್ದೆ ಜಾಗಕ್ಕೆ ಚೆನ್ನಾಗಿ ಅಂಟುತ್ತದೆ. ಅನುಮಾನ ಬಂದ ಜಿಂಕೆ ನಾಲಿಗೆ ಚಾಚಿ ಮೂಗು ನೆಕ್ಕಿಕೊಳ್ಳುವುದನ್ನು ನೀವು ನೋಡಿರಬಹುದು. ಮೂಗು ನೆಕ್ಕಿತು, ತಲೆ ಎತ್ತಿತು, ಹೊಳ್ಳೆ ಅಗಲ ಮಾಡಿತು ಅಂದರೆ ಏನೋ ಒಂದು ಎಳೆ ಅದಕ್ಕೆ ಸಿಕ್ಕಿದೆ, ಇನ್ನೊಂದು ಎಳೆಗಾಗಿ ಹುಡುಕುತ್ತಿದೆ ಅಂತ ತಿಳಿಯಿರಿ. ಆಗ ನೀವು ಅಲ್ಲಾಡಬಾರದು. ಬಿಲ್ಲು ಎಳೆಯಲೂಬಾರದು.

ಇದರ ಜೊತೆಗೆ ಮೇಲ್ದವಡೆಯ ಒಳಗೆ ಇನ್ನೊಂದು ಅಂಗವಿದೆ. ಬೆದೆಯ ಕಾಲದಲ್ಲಿ ಗಂಡು ಜಿಂಕೆ ಹೆಣ್ಣಿನ ಮೂತ್ರ ಮೂಸಿ, ಮೇಲ್ದುಟಿ ಸುರುಳಿಸಿ, ಕತ್ತು ಎತ್ತಿ ನಿಲ್ಲುತ್ತದಲ್ಲ, ಅದು ಆ ಅಂಗಕ್ಕೆ ವಾಸನೆ ತಲುಪಿಸುವ ರೀತಿ. ಹೆಣ್ಣು ಬೆದೆಗೆ ಬಂದಿದೆಯೋ ಇಲ್ಲವೋ ಅನ್ನುವುದನ್ನು ಅದು ಹಾಗೆ ತಿಳಿದುಕೊಳ್ಳುತ್ತದೆ. ನಮ್ಮನ್ನು ಹಿಡಿಯುವ ಕೆಲಸ ಮುಖ್ಯವಾಗಿ ಮೂಗಿನದೇ. ಆದರೂ ಇದನ್ನು ಹೇಳಿದ್ದು ಯಾಕೆ ಅಂದರೆ, ಈ ಪ್ರಾಣಿ ಬದುಕುವುದೇ ವಾಸನೆಯ ಲೋಕದಲ್ಲಿ. ಹಣೆಯಲ್ಲಿ, ಕಣ್ಣಿನ ಮೂಲೆಯಲ್ಲಿ, ಹಿಂಗಾಲಿನ ಒಳಮಗ್ಗುಲಲ್ಲಿ, ಗೊರಸಿನ ಸೀಳಿನಲ್ಲಿ, ಎಲ್ಲ ಕಡೆ ವಾಸನೆಯ ಗ್ರಂಥಿಗಳಿವೆ. ಕೊಂಬೆಗೆ ಹಣೆ ಉಜ್ಜಿ ಒಂದು ಮಾತು ಹೇಳುತ್ತದೆ, ನೆಲ ಕೆರೆದು ಇನ್ನೊಂದು ಹೇಳುತ್ತದೆ. ಹೆದರಿದಾಗ ಮುಂಗಾಲಿನಿಂದ ನೆಲ ಕುಟ್ಟುತ್ತದೆ. ಆ ಸದ್ದು ಸುತ್ತಲಿನ ಜಿಂಕೆಗಳಿಗೆ ಈಗಲೇ ಎಚ್ಚರಿಕೆ. ಗೊರಸಿನಿಂದ ನೆಲಕ್ಕೆ ಅಂಟಿದ ವಾಸನೆ ಆಮೇಲೆ ಬರುವ ಜಿಂಕೆಗಳಿಗೆ. ಅಂಥ ಪ್ರಾಣಿಯ ಎದುರು ನಮ್ಮ ವಾಸನೆಯನ್ನು ಪೂರ್ತಿ ಅಳಿಸಿಬಿಡುತ್ತೇವೆ ಅನ್ನುವ ಲೆಕ್ಕಾಚಾರವನ್ನೇ ಬಿಡಬೇಕು.

ಸರಿ, ನಮ್ಮ ವಾಸನೆ ಬರುವುದೆಲ್ಲಿಂದ? ಎಲ್ಲರೂ ಬೆವರು ಅನ್ನುತ್ತಾರೆ. ಆದರೆ ಆಗಷ್ಟೇ ಬಂದ ಬೆವರಿಗೆ ಹೆಚ್ಚು ವಾಸನೆ ಇರುವುದಿಲ್ಲ. ಕಂಕುಳಿನ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದಾಗ ವಾಸನೆ ಹುಟ್ಟುತ್ತದೆ. ಪಾದದ ಮೇಲೂ ಅದೇ ಕಥೆ, ಅಲ್ಲಿ ಹುಟ್ಟುವುದು ಐಸೋವ್ಯಾಲೆರಿಕ್ ಆಮ್ಲ, ಅದೇ ಸಾಕ್ಸಿನ ವಾಸನೆ. ಅಂದರೆ ಬೆವರಿಗೂ ವಾಸನೆಗೂ ನಡುವೆ ಸ್ವಲ್ಪ ಸಮಯ ಇದೆ, ಬಟ್ಟೆ ಒದ್ದೆಯಾಗಿ ಬೆಚ್ಚಗಿದ್ದಷ್ಟೂ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಇದರ ಜೊತೆಗೆ ನಮ್ಮ ಚರ್ಮ ನಿಮಿಷಕ್ಕೆ ಸಾವಿರಾರು ಸಣ್ಣ ಹೊಟ್ಟುಗಳನ್ನು ಉದುರಿಸುತ್ತಲೇ ಇರುತ್ತದೆ. ಕಣ್ಣಿಗೆ ಕಾಣದ ಆ ಹೊಟ್ಟಿನ ಮೇಲೂ ಬ್ಯಾಕ್ಟೀರಿಯಾ ಕೂತಿರುತ್ತದೆ. ಉಸಿರಿನಲ್ಲಿ ಅಸಿಟೋನ್, ಐಸೋಪ್ರೀನ್ ಸೇರಿದಂತೆ ನೂರಾರು ಆವಿಗಳಿವೆ. ಸೋಪು ಹಚ್ಚಿ ಎಷ್ಟು ಉಜ್ಜಿದರೂ ಉಸಿರು ನಿಲ್ಲುವುದಿಲ್ಲ ಅಲ್ವಾ.

ಇನ್ನು ಮೈಗೆ ಸಂಬಂಧವಿಲ್ಲದ ವಾಸನೆಗಳು. ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ಕಾಲಲ್ಲಿದ್ದ ಬೂಟು, ಒಗ್ಗರಣೆ ಹಾಕುವಾಗ ಅಡುಗೆಮನೆಯಲ್ಲೇ ನೇತುಬಿದ್ದಿದ್ದ ಜಾಕೆಟ್, ಕಾರಿನ ಸುಗಂಧ, ಬಟ್ಟೆ ಒಗೆದ ಪುಡಿ. ಈ ಪಟ್ಟಿ ಮುಖ್ಯ, ಯಾಕಂದರೆ ಇವನ್ನು ನಿಜವಾಗಿಯೂ ತಪ್ಪಿಸಬಹುದು. ಬೇಟೆಯ ಬೂಟನ್ನು ಕಾರಿನಿಂದ ಇಳಿದ ಮೇಲೆ ಹಾಕಿಕೊಳ್ಳಿ. ಬೇಟೆಯ ಬಟ್ಟೆಯನ್ನು ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು ತನ್ನಿ. ಬಟ್ಟೆ ಒಗೆಯುವ ಪುಡಿಯಲ್ಲಿ ಇನ್ನೊಂದು ತೊಂದರೆಯೂ ಇದೆ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಅದರಲ್ಲಿ ಹೊಳಪು ಕೊಡುವ ರಾಸಾಯನಿಕ ಹಾಕಿರುತ್ತಾರೆ, ಅದು ನೇರಳಾತೀತ ಬೆಳಕನ್ನು ನೀಲಿಯಾಗಿ ಹೊಮ್ಮಿಸುತ್ತದೆ. ಜಿಂಕೆಯ ಕಣ್ಣಿಗೆ ಕೆಂಪು ಸರಿಯಾಗಿ ಕಾಣದು, ನೀಲಿ ಚೆನ್ನಾಗಿ ಕಾಣುತ್ತದೆ. ಮೂಗಿನ ಮಾತಿನಲ್ಲಿ ಕಣ್ಣು ಬಂತು, ಇರಲಿ, ಬಟ್ಟೆ ಒಗೆಯುವಾಗ ನೆನಪಿಗೆ ಬರುತ್ತದೆ.

ಬೆವರಿನ ವಿಷಯದಲ್ಲಿ ನಾನು ಹಟ ಹಿಡಿದು ಹೇಳುವುದು ಒಂದೇ. ನಿಧಾನ ನಡೆಯಿರಿ. ನವೆಂಬರಿನ ಚಳಿ ಅಂತ ಎಲ್ಲ ಬಟ್ಟೆ ಹೇರಿಕೊಂಡು, ಬೆನ್ನ ಮೇಲೆ ಚೀಲ ಹಾಕಿಕೊಂಡು ಗುಡ್ಡ ಹತ್ತಿದರೆ, ಕಾದು ಕೂರಲು ಮರದ ಮೇಲೆ ಕಟ್ಟಿದ ಅಟ್ಟಣೆ ಮುಟ್ಟುವ ಹೊತ್ತಿಗೆ ಒಳಬಟ್ಟೆ ಹಿಂಡುವ ಹಾಗಿರುತ್ತದೆ. ಅಲ್ಲಿಂದ ಮೂರು ಗಂಟೆ ನೀವು ಅದೇ ಒದ್ದೆಯಲ್ಲಿ ಕೂರಬೇಕು. ವಾಸನೆಯೂ ಬೆಳೆಯುತ್ತದೆ, ಚಳಿಯೂ ಹಿಡಿಯುತ್ತದೆ. ಹೊರಡುವಾಗ ತೆಳ್ಳಗೆ ಹಾಕಿಕೊಳ್ಳಿ. ಮೊದಲ ಹತ್ತು ನಿಮಿಷ ಸ್ವಲ್ಪ ನಡುಕ ಬಂದರೆ ಅದು ಸರಿಯಾದ ಲೆಕ್ಕ. ದಪ್ಪ ಜಾಕೆಟ್ ಚೀಲದಲ್ಲಿರಲಿ. ಜಾಗ ತಲುಪಿ, ನಿಂತು, ಮೈ ಆರಿದ ಮೇಲೆ ಒಳಗಿನ ಅಂಗಿಯನ್ನೂ ಬದಲಿಸಿ ಅದನ್ನು ಹಾಕಿಕೊಳ್ಳಿ. ಕಾಸು ಖರ್ಚಿಲ್ಲದ ಈ ಕೆಲಸ ಅಂಗಡಿಯ ಯಾವ ಸಾಮಾನಿಗಿಂತಲೂ ಜಾಸ್ತಿ ಫಲ ಕೊಡುತ್ತದೆ.

ಈಗ ಮುಖ್ಯ ವಿಷಯ, ಗಾಳಿ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಗಾಳಿಯೇ ಬೀಸದ ಕಡೆ ನೀವು ಸುಮ್ನೆ ನಿಂತಿದ್ದರೂ ನಿಮ್ಮ ಸುತ್ತ ಗಾಳಿ ಹರಿಯುತ್ತಿರುತ್ತದೆ. ಮೈ ಬಿಸಿ, ಸುತ್ತಲಿನ ಗಾಳಿ ತಣ್ಣಗೆ. ಮೈಗೆ ತಾಗಿದ ಗಾಳಿ ಬಿಸಿಯಾಗಿ ಕಾಲಿನಿಂದ ತಲೆಯವರೆಗೆ ಏರಿ, ನೆತ್ತಿಯ ಮೇಲಿನಿಂದ ಹೊರಡುತ್ತದೆ. ಚರ್ಮದ ಹೊಟ್ಟು, ಬೆವರಿನ ಆವಿ ಎಲ್ಲ ಅದರ ಜೊತೆ ಮೇಲೇರುತ್ತವೆ. ಮೆಲ್ಲನೆ ಗಾಳಿ ಬೀಸಿದರೂ ಸಾಕು, ಅದು ಈ ಕಂಬವನ್ನು ಬಗ್ಗಿಸಿ ಎಳೆದುಕೊಂಡು ಹೋಗುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗದ ಗಾಳಿಯನ್ನೇ ತೆಗೆದುಕೊಳ್ಳಿ. ಎಲೆಗಳು ಅಲ್ಲಾಡುವಷ್ಟು, ಅಷ್ಟೇ. ಅದು ನಿಮ್ಮ ವಾಸನೆಯನ್ನು 100 ಮೀಟರ್ ಆಚೆಗೆ 36 ಸೆಕೆಂಡಿನಲ್ಲಿ ತಲುಪಿಸುತ್ತದೆ.

ಹೀಗೆ ಹೋಗುವ ವಾಸನೆ ಟಾರ್ಚಿನ ಬೆಳಕಿನ ಹಾಗೆ ಒಂದೇ ಸಮನೆ ಹರಡುತ್ತದೆ ಅಂತ ಚಿತ್ರಗಳಲ್ಲಿ ಬರೆದಿರುತ್ತಾರೆ. ನಿಜಕ್ಕೂ ಅದು ಊದುಬತ್ತಿಯ ಹೊಗೆಯ ಹಾಗೆ. ಸ್ವಲ್ಪ ದೂರ ನೇರ ಹೋಗುತ್ತದೆ, ಆಮೇಲೆ ಸುರುಳಿಯಾಗಿ, ಎಳೆ ಎಳೆಯಾಗಿ ಒಡೆಯುತ್ತದೆ. ಎಳೆಗಳ ನಡುವೆ ಶುದ್ಧ ಗಾಳಿಯೂ ಇರುತ್ತದೆ. ಅದಕ್ಕೇ ಜಿಂಕೆಗೆ ನಿಮ್ಮ ವಾಸನೆ ಬಿಟ್ಟು ಬಿಟ್ಟು ಸಿಗುತ್ತದೆ. ನಿಮ್ಮ ಗಾಳಿಯಲ್ಲೇ ನಿಂತ ಜಿಂಕೆ ಒಂದೆರಡು ನಿಮಿಷ ಏನೂ ಆಗದ ಹಾಗೆ ಮೇಯುತ್ತಿರುತ್ತದೆ. ಬೇಟೆಗಾರ ತನ್ನ ಹೊಸ ಸ್ಪ್ರೇ ಕೆಲಸ ಮಾಡಿತು ಅಂದುಕೊಳ್ಳುತ್ತಾನೆ. ಅಷ್ಟರಲ್ಲಿ ಒಂದು ಎಳೆ ಮೂಗಿಗೆ ತಾಗುತ್ತದೆ. ಮೂಗಿನಿಂದ ಬುಸ್ಸೆಂದು ಗಾಳಿ ಬಿಟ್ಟು, ಬಾಲ ಎತ್ತಿ, ಬಿಳಿ ತೋರಿಸಿಕೊಂಡು ಓಡುತ್ತದೆ.

ಗುಡ್ಡದ ನಾಡಿನಲ್ಲಿ ಬೇಟೆಯಾಡುವವರು ಹವಾಮಾನ ವರದಿಯ ಗಾಳಿಯನ್ನಷ್ಟೇ ನಂಬಿದರೆ ಕೆಟ್ಟರು. ಬಿಸಿಲು ಬಿದ್ದ ಇಳಿಜಾರಿನ ನೆಲ ಕಾಯುತ್ತದೆ, ಅದಕ್ಕೆ ತಾಗಿದ ಗಾಳಿ ಕಾದು ಮೇಲಕ್ಕೆ ಹರಿಯುತ್ತದೆ. ಬಿಸಿಲು ಹೋದ ಮೇಲೆ ನೆಲ ತಣಿಯುತ್ತದೆ, ಗಾಳಿ ತಣಿದು ಭಾರವಾಗಿ ಕೆಳಕ್ಕೆ ಜಾರುತ್ತದೆ. ಮಳೆ ನೀರು ಯಾವ ಕೊರಕಲಿನಲ್ಲಿ ಹರಿಯುತ್ತದೋ ಈ ತಣ್ಣನೆ ಗಾಳಿಯೂ ಅದೇ ಕೊರಕಲು ಹುಡುಕಿಕೊಂಡು ಹೋಗಿ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿ ಜೋರಾಗಿದ್ದ ದಿನ ಇದು ಗೊತ್ತಾಗುವುದಿಲ್ಲ. ಗಾಳಿ ಮೆತ್ತಗಿದ್ದ ದಿನ ಇದರದೇ ಆಟ.

ಉದಾಹರಣೆಗೆ ಪೂರ್ವಕ್ಕೆ ಮುಖ ಮಾಡಿದ ಒಂದು ಗುಡ್ಡ ತೆಗೆದುಕೊಳ್ಳೋಣ. ಜಿಂಕೆಗಳು ಹಗಲು ಮೇಲಿನ ಪೊದೆಗಳಲ್ಲಿ ಮಲಗುತ್ತವೆ, ರಾತ್ರಿ ಕೆಳಗಿನ ಹೊಲದಲ್ಲಿ ಮೇಯುತ್ತವೆ. ಸಂಜೆ ಅವು ಇಳಿಯುತ್ತವೆ, ಬೆಳಿಗ್ಗೆ ಹತ್ತುತ್ತವೆ. ಸಂಜೆಯ ಬೇಟೆಗೆ ನೀವು ಕೆಳಗೆ ಕೂತಿರಿ ಅನ್ನಿ. ಮಧ್ಯಾಹ್ನ ಮೂರಕ್ಕೆ ಗಾಳಿ ಇನ್ನೂ ಮೇಲಕ್ಕೆ ಹೋಗುತ್ತಿರುತ್ತದೆ, ನಿಮ್ಮ ವಾಸನೆ ನೇರ ಅವುಗಳ ಹಾಸಿಗೆಗೆ ಹೋಗುತ್ತದೆ. ಹಾಗಾಗಿ ತೀರಾ ಬೇಗ ಹೋಗಿ ಕೂರುವುದು ಒಳ್ಳೆಯದಲ್ಲ. ಪೂರ್ವದ ಇಳಿಜಾರಿಗೆ ನೆರಳು ಬೇಗ ಬೀಳುತ್ತದೆ. ನೆರಳು ಬಿದ್ದ ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿ ಕೆಳಮುಖ ಆಗುತ್ತದೆ. ಆಗ ನಿಮ್ಮ ವಾಸನೆ ನಿಮ್ಮ ಹಿಂದಕ್ಕೆ, ಹೊಲದ ಕಡೆಗೆ ಹೋಗುತ್ತದೆ, ಜಿಂಕೆಗಳು ಮೇಲಿನಿಂದ ಬರುತ್ತವೆ. ಆ ತಿರುವಿನ ನಂತರದ ಹೊತ್ತೇ ನಿಮ್ಮದು. ಅದೇ ಗುಡ್ಡದ ಪಶ್ಚಿಮ ಮಗ್ಗುಲಲ್ಲಿ ಆಗಲೂ ಬಿಸಿಲಿರುತ್ತದೆ, ಗಾಳಿ ಇನ್ನೂ ಏರುತ್ತಲೇ ಇರುತ್ತದೆ. ಒಂದೇ ಗುಡ್ಡ, ಒಂದೇ ಗಂಟೆ, ಎರಡು ಲೆಕ್ಕ.

ಬೆಳಿಗ್ಗೆ ಇದಕ್ಕೆ ಉಲ್ಟಾ, ಸ್ವಲ್ಪ ಕಷ್ಟವೂ ಹೌದು. ಸೂರ್ಯ ಹುಟ್ಟುವ ಮೊದಲು ಗಾಳಿ ಕೆಳಕ್ಕೆ ಇಳಿಯುತ್ತಿರುತ್ತದೆ. ಜಿಂಕೆಗಳೂ ಕೆಳಗಿನಿಂದಲೇ ಬರಬೇಕು. ನೀವು ಅವು ಬರುವ ದಾರಿಯ ನೇರ ಮೇಲೆ ಕೂತರೆ ವಾಸನೆ ಅವುಗಳ ಮುಖಕ್ಕೇ ಇಳಿಯುತ್ತದೆ. ಹಾಗಾಗಿ ಗುಡ್ಡದ ಹಿಂಬದಿಯಿಂದ ಹತ್ತಿ ಬನ್ನಿ. ಅವು ಬಳಸದ ಒಂದು ಪಕ್ಕದ ಕೊರಕಲಿನ ತಲೆಯಲ್ಲಿ ಕೂತುಕೊಳ್ಳಿ. ಇಳಿಯುವ ಗಾಳಿ ಆ ಕೊರಕಲಿಗೆ ಹೋಗಲಿ. ಬಿಸಿಲು ತಾಗಿ ಗಾಳಿ ಏರಲು ಶುರುವಾದ ಮೇಲೆ ನೀವು ಅವುಗಳಿಗಿಂತ ಮೇಲಿದ್ದೀರಿ, ನಿಶ್ಚಿಂತೆ. ತಿರುಗುವ ಆ ಅರ್ಧ ಗಂಟೆ ಮಾತ್ರ ಗಾಳಿ ಅತ್ತ ಇತ್ತ ತೂಗಾಡುತ್ತದೆ. ಆಗ ಯಾರೂ ಭರವಸೆ ಕೊಡಲಾರರು.

ಇನ್ನೊಂದು ಜಾಗ, ದಿಬ್ಬದ ಗಾಳಿಮರೆ. ಗಾಳಿ ದಿಬ್ಬ ದಾಟಿ ಆಚೆ ಇಳಿಯುವಾಗ ನೆತ್ತಿಯ ಕೆಳಗೆ ಹಿಂದಕ್ಕೆ ಸುರುಳಿ ಸುತ್ತುತ್ತದೆ. ಹಗಲು ಕೆಳಗಿನಿಂದ ಕಾದ ಗಾಳಿಯೂ ಏರಿಬಂದು ಅಲ್ಲೇ ಸೇರುತ್ತದೆ. ವಯಸ್ಸಾದ ಗಂಡು ಜಿಂಕೆಗಳು ಮಲಗಲು ಆರಿಸುವುದು ಇಂಥ ಜಾಗವನ್ನೇ, ನೆತ್ತಿಯಿಂದ ಸ್ವಲ್ಪ ಕೆಳಗೆ. ಬೆನ್ನ ಹಿಂದಿನದನ್ನು ಮೂಗು ನೋಡಿಕೊಳ್ಳುತ್ತದೆ, ಕೆಳಗಿನದನ್ನು ಕಣ್ಣು ಮತ್ತು ಏರುಗಾಳಿ ನೋಡಿಕೊಳ್ಳುತ್ತವೆ. ಅಲ್ಲಿಗೆ ಹೋಗಿ ಹೊಂಚು ಹಾಕುವ ಆಸೆ ಬಿಡಿ. ಅದು ಎದ್ದು ಹೊರಡುವ ದಾರಿಯಲ್ಲಿ ಕಾಯಿರಿ. ಕಾಡಿನ ಅಂಚೂ ಹೀಗೇ ಮೋಸ ಮಾಡುತ್ತದೆ. ಬಯಲಿನ ಮೇಲೆ ಬಂದ ಗಾಳಿ ಮರಗಳ ಗೋಡೆಗೆ ಬಡಿದು ವಾಪಸ್ ಉರುಳುತ್ತದೆ. ಅಂಚಿನ ಮೊದಲ ಮರದಲ್ಲಿ ಅಟ್ಟಣೆ ಕಟ್ಟಿದವರಿಗೆ ಮುಖಕ್ಕೆ ಗಾಳಿ ಬಡಿಯುತ್ತಿದೆ ಅನ್ನಿಸುತ್ತದೆ, ವಾಸನೆ ಮಾತ್ರ ಬುಡದಲ್ಲಿ ಸುತ್ತಿ ಬಯಲಿಗೆ ಹೋಗಿರುತ್ತದೆ.

ಇದನ್ನೆಲ್ಲ ಕಣ್ಣಿಂದ ನೋಡುವ ಉಪಾಯ ಇದೆ. ಪುಡಿ ಉಗುಳುವ ಸಣ್ಣ ಬಾಟಲಿ ಮಾರುತ್ತಾರೆ, ಅದು ಎರಡು ಮೂರು ಮೀಟರ್ ತೋರಿಸಿ ಮಾಯವಾಗುತ್ತದೆ. ನನ್ನ ಜೇಬಿನಲ್ಲಿ ಇರುವುದು ಮಿಲ್ಕ್‌ವೀಡ್ ಗಿಡದ ಬೀಜ. ನಮ್ಮ ಎಕ್ಕದ ಬಳಗದ್ದೇ, ಕಾಯಿ ಒಡೆದರೆ ಅದೇ ಥರ ರೇಷ್ಮೆ ತುಪ್ಪಳ. ಅಟ್ಟಣೆಯಿಂದ ಒಂದು ಎಳೆ ಬಿಟ್ಟರೆ ಅದು ಬಹಳ ದೂರ ತೇಲಿಕೊಂಡು ಹೋಗುತ್ತದೆ, ಬಿಳಿಯಾಗಿ ಕಾಣುತ್ತಲೂ ಇರುತ್ತದೆ. ಸಂಜೆ ಬಿಟ್ಟು ನೋಡಿ. ಮೊದಲು ನೀವು ಅಂದುಕೊಂಡ ಕಡೆಗೇ ಹೋಗುತ್ತದೆ. ಇಪ್ಪತ್ತು ಮೀಟರ್ ಆಚೆ ಒಂದು ದೊಡ್ಡ ಮರದ ಹತ್ತಿರ ತಡೆದು ನಿಲ್ಲುತ್ತದೆ. ಅಲ್ಲಿಂದ ಸೀದಾ ಇಳಿಯುತ್ತದೆ. ನೆಲದಿಂದ ಮೊಣಕಾಲೆತ್ತರಕ್ಕೆ ಬಂದ ಮೇಲೆ ಎಡಕ್ಕೆ ತಿರುಗಿ, ಕೊರಕಲಿನ ಒಳಗೆ ಜಾರಿ, ಜಿಂಕೆಯ ದಾರಿಗೆ ಅಡ್ಡ ಹೋಗುತ್ತದೆ. ನಿಮ್ಮ ವಾಸನೆಯೂ ಅದೇ ದಾರಿ ಹಿಡಿದಿದೆ. ಆರು ಮೀಟರ್ ಎತ್ತರ ಕೂತಿದ್ದೇನೆ, ವಾಸನೆ ಮೇಲಿಂದಲೇ ಹೋಗಿಬಿಡುತ್ತದೆ ಅನ್ನುವವರು ಇದನ್ನು ಒಮ್ಮೆ ನೋಡಬೇಕು.

ಮಿಲ್ಕ್‌ವೀಡ್ ಅಂದಾಗ ಒಂದು ಸಂಗತಿ ಹೇಳದೆ ಇರಲಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಲೈಫ್ ಜಾಕೆಟ್‌ಗಳಿಗೆ ತುಂಬುವ ಬೂರುಗದ ಹತ್ತಿ ಏಷ್ಯಾದಿಂದ ಬರುವುದು ನಿಂತುಹೋಯಿತು. ಆಗ ಅಮೆರಿಕದ ಶಾಲೆ ಮಕ್ಕಳು ಹೊಲದ ಅಂಚಿನಲ್ಲಿ ಮಿಲ್ಕ್‌ವೀಡ್ ಕಾಯಿ ಕಿತ್ತು ಚೀಲಗಟ್ಟಲೆ ಸರ್ಕಾರಕ್ಕೆ ಕೊಟ್ಟರು. ಆ ತುಪ್ಪಳ ನೀರಿನಲ್ಲಿ ಸೈನಿಕರನ್ನು ತೇಲಿಸಿತು. ಮೊನಾರ್ಕ್ ಚಿಟ್ಟೆಯ ಹುಳು ಬದುಕುವುದೂ ಈ ಗಿಡದ ಎಲೆ ತಿಂದೇ. ಹಾಗಾಗಿ ಕಾಯಿ ಒಣಗಿದ ಮೇಲೆ ಒಂದೆರಡು ಕಿತ್ತುಕೊಳ್ಳಿ, ಗಿಡ ಕೀಳಬೇಡಿ. ತೇಲಿಬಿಟ್ಟ ಬೀಜ ಎಲ್ಲೋ ಒಂದು ಕಡೆ ಮೊಳೆಯಲಿ.

ಈಗ ಕೂರುವ ಜಾಗ. ಇಲ್ಲಿ ಜಿಂಕೆಗೂ ತನ್ನ ಲೆಕ್ಕ ಇದೆ ಅನ್ನುವುದನ್ನು ಮರೆಯಬೇಡಿ. ಅದಕ್ಕೂ ಗಾಳಿ ತನ್ನ ಮೂಗಿಗೆ ಬರಬೇಕು. ನಿಮಗೆ ಮಾತ್ರ ಅನುಕೂಲವಾದ ಗಾಳಿಯಲ್ಲಿ ದೊಡ್ಡ ಗಂಡು ಆ ದಾರಿಗೇ ಬರದೆ ಹೋಗಬಹುದು. ಒಂದು ನಕ್ಷೆ ಕಲ್ಪಿಸಿಕೊಳ್ಳಿ. ಪೂರ್ವಕ್ಕೆ ಪೊದೆ, ಪಶ್ಚಿಮಕ್ಕೆ ಹೊಲ, ನಡುವೆ ಜಿಂಕೆಯ ದಾರಿ. ಸಂಜೆ ಅವು ಪೂರ್ವದಿಂದ ಪಶ್ಚಿಮಕ್ಕೆ ಬರುತ್ತವೆ. ಗಾಳಿ ವಾಯವ್ಯದಿಂದ. ಜಿಂಕೆಗೆ ಅದು ಎದುರು ಬಲಗಡೆಯಿಂದ ಬರುತ್ತದೆ, ಹೊಲದ ವಾಸನೆ ಸಿಗುತ್ತದೆ, ಅದಕ್ಕೆ ಸಮಾಧಾನ. ನೀವು ದಾರಿಯ ದಕ್ಷಿಣಕ್ಕೆ ಇಪ್ಪತ್ತು ಮೀಟರ್ ದೂರ ಕೂತಿದ್ದೀರಿ. ನಿಮ್ಮ ವಾಸನೆ ಆಗ್ನೇಯಕ್ಕೆ, ದಾರಿಯಿಂದ ದೂರ ಹೋಗುತ್ತದೆ. ಇದು ಒಳ್ಳೆಯ ಸಂಜೆ.

ಗಾಳಿ ನೇರ ಪಶ್ಚಿಮದಿಂದ ಆದರೆ? ನಿಮ್ಮ ವಾಸನೆ ದಾರಿಯ ಪಕ್ಕದಲ್ಲೇ ಪೂರ್ವಕ್ಕೆ ಹೋಗುತ್ತದೆ, ಹೋಗುತ್ತಾ ಅಗಲವಾಗುತ್ತದೆ, ಎಲ್ಲೋ ಒಂದು ಕಡೆ ದಾರಿಗೆ ತಾಗುತ್ತದೆ. ಅಪಾಯ. ನೈಋತ್ಯದಿಂದ ಆದರೆ ಜಿಂಕೆ ನಿಮ್ಮ ಮುಂದೆ ಬರುವ ಮೊದಲೇ ನಿಮ್ಮ ವಾಸನೆ ದಾಟಬೇಕು. ಅಂಥ ದಿನ ಆ ಜಾಗಕ್ಕೆ ಹೋಗಲೇಬೇಡಿ. ಇನ್ನೊಂದು ಸೂಕ್ಷ್ಮ ಇದೆ. ಬೆದೆಯ ಕಾಲದಲ್ಲಿ ಗಂಡು ಜಿಂಕೆ ದಾರಿಯ ಮೇಲೆ ನಡೆಯುವುದು ಕಡಿಮೆ. ದಾರಿಯಿಂದ ಗಾಳಿ ಬೀಸುವ ಮಗ್ಗುಲಲ್ಲಿ ಸ್ವಲ್ಪ ದೂರ ನಡೆದು, ಹೆಣ್ಣುಗಳು ಹೋಗಿವೆಯೇ ಅಂತ ಗಾಳಿಯಲ್ಲೇ ಮೂಸಿ ನೋಡುತ್ತದೆ. ನಮ್ಮ ನಕ್ಷೆಯಲ್ಲಿ ಆ ಮಗ್ಗುಲು ದಕ್ಷಿಣ, ಅಂದರೆ ನೀವು ಕೂತ ಕಡೆ. ಅದು ನಿಮ್ಮ ಬೆನ್ನ ಹಿಂದಿನಿಂದಲೂ ಬರಬಹುದು. ಆದ್ದರಿಂದ ನಿಮ್ಮ ವಾಸನೆ ಹೋಗುವ ಕಡೆ ಜಿಂಕೆ ನಡೆಯಲಾರದ ಏನಾದರೂ ಇರಬೇಕು. ಕಡಿದಾದ ಕೊರಕಲು, ಕೆರೆ, ಅಗಲವಾದ ಬಯಲು. ನಾನು ಜಾಗ ಹುಡುಕುವಾಗ ಮೊದಲು ನೋಡುವುದು ಇದನ್ನೇ. ಮರ ಆಮೇಲೆ ಸಿಗುತ್ತದೆ.

ಗಾಳಿಯದು ಈ ಕ್ಷಣದ ಮಾತಾಯಿತು. ನೆಲದ ಮೇಲೆ ನೀವು ಬಿಟ್ಟುಹೋದದ್ದು ಗಂಟೆಗಟ್ಟಲೆ ಇರುತ್ತದೆ. ತೇವ ಇದ್ದು ತಂಪಾಗಿದ್ದರೆ ಜಾಸ್ತಿ ಹೊತ್ತು, ಬಿಸಿಲಿಗೆ ಒಣಗಿದ ನೆಲದಲ್ಲಿ ಕಡಿಮೆ. ಒಂದು ಹೆಣ್ಣು ಜಿಂಕೆ ನಾವು ನಡೆದ ಜಾಡನ್ನು ದಾಟುವುದನ್ನು ಹತ್ತಿರದಿಂದ ನೋಡಬೇಕು. ಜೋರಾಗಿ ಬರುತ್ತಿರುತ್ತದೆ, ಜಾಡಿನ ಮೇಲೆ ಬಂದ ಕೂಡಲೇ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ. ಮೂಗು ನೆಲಕ್ಕೆ. ಹೆಜ್ಜೆ ಊರಿದ ಜಾಗವನ್ನಲ್ಲದೆ ಮೊಣಕಾಲು ಸವರಿದ ಹುಲ್ಲನ್ನೂ ಮೂಸುತ್ತದೆ. ಒಂದು ಮುಂಗಾಲು ಎತ್ತಿ ಹಾಗೇ ಹಿಡಿದಿರುತ್ತದೆ. ಕಿವಿ ಎರಡೂ ಎರಡು ದಿಕ್ಕಿಗೆ. ಆಮೇಲೆ ಕಾಲು ಕುಟ್ಟಬಹುದು, ಅಥವಾ ಬಂದ ದಾರಿಯಲ್ಲೇ ಮೆಲ್ಲಗೆ ತಿರುಗಬಹುದು. ಅದರ ಹಿಂದೆ ಬರುತ್ತಿದ್ದವುಗಳೂ ತಿರುಗುತ್ತವೆ.

ಹಾಗಾಗಿ ಜಿಂಕೆಯ ದಾರಿಯಲ್ಲಿ ನಡೆಯಬೇಡಿ, ದಾಟಲೇಬೇಕಾದರೆ ಒಂದೇ ಕಡೆ ದಾಟಿ. ತೊರೆ ಇದ್ದರೆ ಅದರೊಳಗೇ ನಡೆಯಿರಿ. ಚರ್ಮದ ಬೂಟಿಗಿಂತ ಮೊಣಕಾಲವರೆಗಿನ ರಬ್ಬರ್ ಬೂಟು ವಾಸಿ. ಕೊಂಬೆಗಳನ್ನು ಬರಿಗೈಯಲ್ಲಿ ಸರಿಸಬೇಡಿ, ಅವು ಜಿಂಕೆಯ ಮೂಗಿನ ಎತ್ತರದಲ್ಲೇ ಇರುತ್ತವೆ. ದಾರಿಯ ಕೊಂಬೆಗಳನ್ನು ಸೀಸನ್ನಿಗೆ ಎಷ್ಟೋ ಮೊದಲೇ ಕಡಿದಿಟ್ಟರೆ ಆ ತಾಪತ್ರಯವೇ ಇಲ್ಲ. ಊರ ಪಕ್ಕದ ಜಿಂಕೆಗಳಿಗೆ ಮನುಷ್ಯರ ವಾಸನೆ ದಿನವೂ ಸಿಗುತ್ತದೆ, ರಸ್ತೆ ಕಡೆಯ ವಾಸನೆಗೆ ಅವು ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ವಾಸನೆ ಮಲಗುವ ಪೊದೆಯ ಹತ್ತಿರ ಸಿಕ್ಕರೆ ಆ ಜಾಗವನ್ನು ಹಗಲು ಬಿಟ್ಟೇಬಿಡುತ್ತವೆ. ಒಂದೇ ಅಟ್ಟಣೆಯಲ್ಲಿ ದಿನವೂ ಕೂರಬಾರದು ಅನ್ನುವುದು ಇದಕ್ಕೇ.

ಈಗ ಸೋಪು. ವಾಸನೆ ಇಲ್ಲದ ಸೋಪಿನಲ್ಲಿ ಸ್ನಾನ ಮಾಡಿ, ಒಳ್ಳೆಯದು. ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಸುಗಂಧ ಹೋಗುತ್ತದೆ. ಅಡಿಗೆ ಸೋಡಾ ಆಮ್ಲದ ಜೊತೆ ಸೇರಿ ಅದನ್ನು ಆವಿಯಾಗದ ಉಪ್ಪಾಗಿ ಮಾಡುತ್ತದೆ, ಆದ್ದರಿಂದ ಬೂಟಿನೊಳಗೆ ಉದುರಿಸುವುದರಲ್ಲಿ ಅರ್ಥ ಇದೆ. ಇದ್ದಿಲಿನ ಪದರ ಇರುವ ದುಬಾರಿ ಬಟ್ಟೆ ಬೇರೆ ವಿಷಯ. ಇದ್ದಿಲು ವಾಸನೆಯ ಆವಿಯನ್ನು ಹಿಡಿಯುತ್ತದೆ, ನಿಜ. ಆದರೆ ಅದು ತುಂಬುತ್ತದೆ. ಪೂರ್ತಿ ಖಾಲಿ ಮಾಡಲು ನೂರಾರು ಡಿಗ್ರಿ ಬಿಸಿ ಬೇಕು, ಮನೆಯ ಡ್ರೈಯರ್‌ಗೆ ಅದು ಆಗದ ಕೆಲಸ. ಕತ್ತಿನಿಂದ, ಮುಖದಿಂದ, ಬಾಯಿಯಿಂದ ಬರುವ ವಾಸನೆಯನ್ನಂತೂ ಅದು ಮುಟ್ಟುವುದೇ ಇಲ್ಲ. ಅಮೆರಿಕದಲ್ಲಿ ಇಂಥ ಬಟ್ಟೆ ಹಾಕಿಸಿ ಜನರನ್ನು ಅಡಗಿಸಿ ಹುಡುಕುನಾಯಿ ಬಿಟ್ಟು ನೋಡಿದ್ದಾರೆ. ನಾಯಿಗಳು ಹುಡುಕಿವೆ.

ಓಜೋನ್ ಯಂತ್ರ ವಾಸನೆಯ ಕಣಗಳನ್ನು ಸುಡುತ್ತದೆ, ಆದರೆ ಓಜೋನ್ ಉಸಿರಿಗೆ ಕೆಟ್ಟದ್ದು, ಶ್ವಾಸಕೋಶ ಕೆರಳಿಸುತ್ತದೆ. ಮುಚ್ಚಿದ ಜಾಗದಲ್ಲಿ ಪಕ್ಕದಲ್ಲಿಟ್ಟುಕೊಂಡು ಕೂರಬೇಡಿ. ಪೈನ್ ಎಣ್ಣೆ, ಮಣ್ಣಿನ ವಾಸನೆ ಅಂತ ಹಚ್ಚಿಕೊಳ್ಳುವುದರಿಂದ ಮನುಷ್ಯನ ವಾಸನೆ ಮುಚ್ಚುವುದಿಲ್ಲ. ಜಿಂಕೆಗೆ ಪೈನ್ ಬೇರೆ, ಮನುಷ್ಯ ಬೇರೆ, ಎರಡೂ ಸಿಗುತ್ತವೆ. ಜಿಂಕೆಯನ್ನು ಸೆಳೆಯಲು ಅಂತ ಬಾಟಲಿಯಲ್ಲಿ ಬರುವ ಜಿಂಕೆ ಮೂತ್ರದ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಬಿಟ್ಟುಬಿಡಿ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ, ಜಿಂಕೆಗಳು ಸೊರಗುವ ರೋಗ 1967ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೊದಲು ಕಂಡಿತು, ಈಗ ರಾಜ್ಯದಿಂದ ರಾಜ್ಯಕ್ಕೆ ಹರಡಿದೆ. ಅದಕ್ಕೆ ಔಷಧಿ ಇಲ್ಲ, ಬಂದ ಜಿಂಕೆ ಸಾಯುತ್ತದೆ. ಅದನ್ನು ತರುವ ಪ್ರಯಾನ್ ಎಂಬ ಪ್ರೋಟೀನ್ ಮೂತ್ರದಲ್ಲೂ ಇರುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಲವು ರಾಜ್ಯಗಳು ಅಸಲಿ ಮೂತ್ರದ ಬಳಕೆ ನಿಷೇಧಿಸಿವೆ. ನಿಷೇಧ ಇಲ್ಲದ ಕಡೆಯೂ ಬೇಡ. ಒಂದು ಜಿಂಕೆಗಾಗಿ ಇಡೀ ಕಾಡಿನ ಜಿಂಕೆಗಳನ್ನು ಅಪಾಯಕ್ಕೆ ಒಡ್ಡುವ ಕೆಲಸ ಅದು.

ಇಷ್ಟೆಲ್ಲ ತಾಪತ್ರಯ ಯಾಕೆ ಅನ್ನುವವರಿಗೆ ಒಂದು ಲೆಕ್ಕ. ಈಗಿನ ಕಾಂಪೌಂಡ್ ಬಿಲ್ಲಿನ, ಅಂದರೆ ತುದಿಗಳಲ್ಲಿ ರಾಟೆ ಇರುವ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ಹೋಗುತ್ತದೆ. ಸದ್ದು 340 ಮೀಟರ್. ಜಿಂಕೆ 30 ಮೀಟರ್ ದೂರ ಇದ್ದರೆ ಬಿಲ್ಲಿನ ಸದ್ದು ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮುಟ್ಟುತ್ತದೆ, ಬಾಣ ಮುಟ್ಟಲು ಅಲ್ಲಿಂದ ಇನ್ನೂ ಕಾಲು ಸೆಕೆಂಡ್ ಬೇಕು. ನಿಶ್ಚಿಂತೆಯಿಂದ ಮೇಯುವ ಜಿಂಕೆ ಅಷ್ಟರಲ್ಲಿ ಹೆಚ್ಚು ಕದಲುವುದಿಲ್ಲ. ನಿಮ್ಮ ವಾಸನೆಯ ಒಂದು ಎಳೆ ಸಿಕ್ಕಿ ಮೈಯೆಲ್ಲ ಬಿಗಿ ಹಿಡಿದು ನಿಂತ ಜಿಂಕೆ ಅಷ್ಟರಲ್ಲಿ ಕಾಲು ಮಡಿಸಿ ಕುಸಿದು, ಜಿಗಿಯಲು ಸಿದ್ಧವಾಗಿರುತ್ತದೆ. ಎದೆಗೆ ಬಿಟ್ಟ ಬಾಣ ಬೆನ್ನಿಗೆ ತಾಗುತ್ತದೆ. ಆ ಪ್ರಾಣಿ ಗಾಯ ಹೊತ್ತು ಎಲ್ಲೋ ದಿನಗಟ್ಟಲೆ ನರಳುತ್ತದೆ. ವಾಸನೆಯ ಬಗ್ಗೆ ನಾನು ಇಷ್ಟು ಒತ್ತಿ ಮಾತಾಡುವುದು ಜಿಂಕೆ ಸಿಗಲಿ ಅಂತ ಮಾತ್ರವಲ್ಲ, ಸತ್ತರೆ ಅದಕ್ಕೆ ತಿಳಿಯುವ ಮೊದಲೇ ಸಾಯಲಿ ಅಂತ. ಎಚ್ಚೆತ್ತ ಜಿಂಕೆಗೆ ಬಾಣ ಬಿಡಬೇಡಿ.

ಕಡೆಯದಾಗಿ ವಾಪಸ್ ಬರುವ ದಾರಿ. ಇದನ್ನು ಯಾರೂ ಕೇಳುವುದಿಲ್ಲ, ಹಾಳಾಗುವುದು ಮಾತ್ರ ಇಲ್ಲೇ ಜಾಸ್ತಿ. ಕತ್ತಲಾಗಿದೆ, ಕೆಳಗಿನ ಹೊಲದಲ್ಲಿ ಜಿಂಕೆಗಳು ಮೇಯುತ್ತಿವೆ, ತಣ್ಣನೆ ಗಾಳಿ ಆ ಕಡೆಗೇ ಇಳಿಯುತ್ತಿದೆ. ನೀವು ಅಟ್ಟಣೆ ಇಳಿದು ಹೊಲದ ಅಂಚಿನಲ್ಲೇ ನಡೆದರೆ ಇಡೀ ಹಿಂಡಿಗೆ ನೀವು ಎಲ್ಲಿ ಕೂತಿದ್ದಿರಿ ಅಂತ ಗೊತ್ತಾಗುತ್ತದೆ. ಅವು ದೂರ ಸರಿಯುವವರೆಗೆ ಕಾಯಿರಿ. ಕಾಯಲು ಆಗದಿದ್ದರೆ ಸುತ್ತು ಬಳಸಿ, ಗುಡ್ಡದ ಹಿಂಬದಿಯಿಂದ ಇಳಿಯಿರಿ, ಅರ್ಧ ಗಂಟೆ ಜಾಸ್ತಿ ಹಿಡಿದರೂ ಪರವಾಗಿಲ್ಲ. ಆ ದಾರಿಯನ್ನು ಹಗಲು ಹೊತ್ತಿನಲ್ಲೇ, ಅಟ್ಟಣೆ ಕಟ್ಟುವ ಮೊದಲೇ ನೋಡಿಟ್ಟುಕೊಳ್ಳಬೇಕು. ಬರುವ ದಾರಿಯೂ ಹೋಗುವ ದಾರಿಯೂ ಸಿಗದ ಜಾಗವಾದರೆ, ಅಲ್ಲಿ ಎಷ್ಟೇ ಜಿಂಕೆ ಇದ್ದರೂ ಬೇರೆ ಮರ ಹುಡುಕಿ.